ನಾಲ್ಕು ಬಾಡಿಗೆ ಮನೆಗಳಿಗೆ ನಾನು ಸಾಲ ಹೊಂದಿಸಿದ ಬಗೆ

ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ ನನಗೆ ನಾಲ್ಕು ಬಾಡಿಗೆ ಮನೆಗಳಿವೆ. ಎಂಜಿನಿಯರಿಂಗ್ ಕಾಲೇಜು ಹತ್ತಿರವಿರುವುದರಿಂದ ಅಲ್ಲಿ ಮನೆ ಹೆಚ್ಚು ದಿನ ಖಾಲಿ ಉಳಿಯುವುದಿಲ್ಲ. ಮೊದಲ ಎರಡಕ್ಕೆ ಗೃಹಸಾಲ ಸುಲಭವಾಗಿ ಸಿಕ್ಕಿತು. ಮೂರನೆಯದಕ್ಕೆ ಹೋದಾಗ ಬ್ಯಾಂಕಿನ ಮ್ಯಾನೇಜರು, ಒಬ್ಬರ ಮೂರನೆಯ ಮನೆಯಿಂದ ಮುಂದಕ್ಕೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ವಾಣಿಜ್ಯ ಸ್ಥಿರಾಸ್ತಿಯ ಸಾಲವೆಂದು ಪರಿಗಣಿಸಬೇಕಾಗುತ್ತದೆ, ಹಾಗಾಗಿ ಬಡ್ಡಿಯೂ ಹೆಚ್ಚಾಗುತ್ತದೆ ಎಂದು ವಿವರಿಸಿದರು.

ಆ ಬಡ್ಡಿಗೆ ಹೆದರಿ ನಾನು ಭೋಗ್ಯದ ಹಣವನ್ನು ನೆಚ್ಚಿಕೊಂಡೆ. ಎರಡನೆಯ ಮನೆಯನ್ನು ಮೂರು ವರ್ಷದ ಅವಧಿಗೆ 6 ಲಕ್ಷ ರೂಪಾಯಿಗೆ ಭೋಗ್ಯಕ್ಕೆ ಕೊಟ್ಟು, ಆ ಹಣಕ್ಕೆ ಕೈಯಲ್ಲಿದ್ದ ಉಳಿತಾಯವನ್ನೂ ಸೇರಿಸಿ ಮೂರನೆಯ ಮನೆ ಕಟ್ಟಿಸಿದೆ. ಬಡ್ಡಿಯಿಲ್ಲದ ಹಣವೆಂಬುದು ನಿಜ; ಆದರೆ ಬಾಡಿಗೆ ನಿಂತುಹೋದ ಆ ಮನೆಯ ಸಾಲದ ಕಂತು ಮಾತ್ರ ಪ್ರತಿ ತಿಂಗಳ 5ನೇ ತಾರೀಕಿಗೆ ಕಡಿತವಾಗುತ್ತಲೇ ಇತ್ತು. ಅಡವಿಟ್ಟ ಮನೆಯನ್ನು ಭೋಗ್ಯಕ್ಕೆ ಕೊಡಲು ಬ್ಯಾಂಕಿನ ಒಪ್ಪಿಗೆ ಬೇಕೆಂದು ಸಾಲದ ಕರಾರಿನಲ್ಲೇ ಬರೆದಿತ್ತು. ಸಹಿ ಹಾಕುವಾಗ ನಾನು ಅದನ್ನು ಓದಿರಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಭೋಗ್ಯಕ್ಕಿದ್ದವರು, “ಅಣ್ಣಾ, ಮಗಳ ಮದುವೆ ಗೊತ್ತಾಗಿದೆ, ದುಡ್ಡು ಒಟ್ಟಿಗೇ ಬೇಕು” ಎಂದರು. ಅದು ಅವರ ದುಡ್ಡು. ತಡಮಾಡುವ ಹಕ್ಕು ನನಗಿರಲಿಲ್ಲ.

ಮೊದಲ ಮನೆಯ ಸಾಲ ಅಷ್ಟರಲ್ಲಿ ತೀರಿತ್ತು. ಅದರ ಪತ್ರಗಳನ್ನಿಟ್ಟು ಅಡಮಾನ ಸಾಲಕ್ಕೆ ಅರ್ಜಿ ಹಾಕಿದೆ. ಇ-ಖಾತೆ, ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ), ಕಂದಾಯದ ರಸೀದಿ, ಆದಾಯ ತೆರಿಗೆಯ ರಿಟರ್ನ್ಸ್ ಎಲ್ಲವೂ ಸರಿಯಿದ್ದವು. ಆದರೆ ಮ್ಯಾನೇಜರು ಪಾಸ್‌ಬುಕ್ಕಿನ ಮೇಲೆ ಪೆನ್ಸಿಲ್ ಆಡಿಸುತ್ತಾ ಹೋಗಿ, “ಸರ್, ಒಂದೇ ಮನೆ ಬಾಡಿಗೆ ಕಾಣಿಸ್ತಿದೆಯಲ್ಲ?” ಎಂದು ಕೇಳಿದರು. ಉಳಿದದ್ದನ್ನು ನಾನು ನಗದಾಗಿ ಪಡೆಯುತ್ತಿದ್ದೆ. ಕೇಳಿದ್ದಕ್ಕಿಂತ ಕಡಿಮೆ ಸಾಲ ಮಂಜೂರಾಗಿ, ಮಿಕ್ಕ ಹಣಕ್ಕೆ ಮನೆಯ ಒಡವೆಗಳನ್ನು ಅಡವಿಟ್ಟೆ. ಸಾಲ ಬೇಕಾಗುವುದಕ್ಕೆ ಎರಡು ವರ್ಷ ಮೊದಲೇ ಬಾಡಿಗೆಯನ್ನೆಲ್ಲ ಖಾತೆಗೆ ಹಾಕಿಸಿಕೊಳ್ಳಿ ಎಂದು ನಾನು ಇತರರಿಗೆ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ನಾಲ್ಕನೆಯ ಮನೆಗೆ ಹೆಚ್ಚಿನ ಬಡ್ಡಿಯ ಸಾಲವನ್ನೇ ಒಪ್ಪಿಕೊಂಡೆ. ಮೂರನೆಯ ಮನೆಯ ಪತ್ರವನ್ನೂ ಭದ್ರತೆಗೆ ಕೊಟ್ಟರೆ ಸಾಲದ ಮೊತ್ತ ಹೆಚ್ಚಿಸುವುದಾಗಿ ಬ್ಯಾಂಕಿನವರು ಹೇಳಿದಾಗ ನಾನು ಒಪ್ಪಲಿಲ್ಲ. ಎರಡು ಮನೆ ಒಂದೇ ಸಾಲಕ್ಕೆ ಗಂಟುಬಿದ್ದರೆ, ಕಷ್ಟಕಾಲದಲ್ಲಿ ಒಂದನ್ನು ಮಾರಲು ಹೊರಟಾಗಲೂ ಬ್ಯಾಂಕಿನ ಅನುಮತಿಗೆ ಕಾಯಬೇಕು. ಆ ಕ್ರಯಪತ್ರ ಇಂದಿಗೂ ನಮ್ಮ ಬೀರುವಿನಲ್ಲಿದೆ.

ತೆರಿಗೆಯ ಲಾಭವನ್ನು ನಂಬಿ ಸಾಲ ಮಾಡುವವರು ಒಂದನ್ನು ಗಮನಿಸಬೇಕು. ಬಾಡಿಗೆಯಲ್ಲಿ ಮನೆಗಂದಾಯವನ್ನೂ, ಉಳಿದದ್ದರಲ್ಲಿ ಶೇ. 30ನ್ನೂ, ಬಳಿಕ ಬಡ್ಡಿಯನ್ನೂ ಕಳೆದು ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಬೇರೆ ಆದಾಯದೊಂದಿಗೆ ಹೊಂದಿಸಬಹುದು; ಹೊಸ ಪದ್ಧತಿಯಲ್ಲಿ ಅದಕ್ಕೂ ಅವಕಾಶವಿಲ್ಲ.

ಈಗ ನಾಲ್ಕೂ ಬಾಡಿಗೆಗಳು ಒಂದೇ ಖಾತೆಗೆ ಬೀಳುತ್ತವೆ, ಮೂರು ಕಂತುಗಳು ಅಲ್ಲಿಂದಲೇ ಹೋಗುತ್ತವೆ. ನಾಲ್ಕು ತಿಂಗಳ ಕಂತಿನಷ್ಟು ಹಣವನ್ನು ಆ ಖಾತೆಯಲ್ಲಿ ಸದಾ ಉಳಿಸಿರುತ್ತೇನೆ. ಬಾಡಿಗೆದಾರರ ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟಿದ್ದೇನೆ, ಅದನ್ನು ಮುಟ್ಟುವುದಿಲ್ಲ.