ಒಂದು ಎಂಜಿನ್, ಎರಡು ಕಾಯಿಲೆ: ನಾನು ಔಟ್‌ಬೋರ್ಡ್ ಸರಿಮಾಡಿದ ಕತೆ

ನನ್ನ ದೋಣಿಯ ಹಿಂಬದಿಗೆ ಸಿಕ್ಕಿಸಿರುವ ಎಂಜಿನ್, ಅಂದರೆ ಔಟ್‌ಬೋರ್ಡ್, ಹಳೆಯದು. 50 ಎಚ್‌ಪಿ, ಟೂ ಸ್ಟ್ರೋಕ್, ಮೂರು ಸಿಲಿಂಡರ್, ಸಿಲಿಂಡರಿಗೊಂದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಭಾಗ). ಎರಡು ತಿಂಗಳು ಸುಮ್ನೆ ನಿಂತಿತ್ತು. ಮತ್ತೆ ನೀರಿಗಿಳಿಸಿ ಕೀ ತಿರುಗಿಸಿದರೆ ಶುರುವೇನೋ ಆಯಿತು, ಆದರೆ ಸದ್ದು ಮೊದಲಿನದಲ್ಲ. ಐಡಲ್‌ನಲ್ಲಿ (ವೇಗ ಏರಿಸದೆ ಸುಮ್ನೆ ಓಡುವಾಗ) ಇಡೀ ಎಂಜಿನ್ ಗಡಗಡ ನಡುಗುತ್ತಿತ್ತು, ಗೇರ್ ಹಾಕಿದರೆ ಒಮ್ಮೊಮ್ಮೆ ನಿಂತೇ ಹೋಗುತ್ತಿತ್ತು. ಥ್ರಾಟಲ್ ಅರ್ಧಕ್ಕೆ ಏರಿಸಿದರೆ ಏನೂ ಆಗಿಲ್ಲವೆಂಬಂತೆ ನುಣ್ಣಗೆ ಓಡುತ್ತಿತ್ತು. ಪೂರ್ತಿ ಕೊಟ್ಟರೆ ಒಂದೆರಡು ನಿಮಿಷ ಚೆನ್ನಾಗಿ ಹೋಗಿ, ಆಮೇಲೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದ ಹಾಗೆ ಬಲ ಕಳೆದುಕೊಂಡು ಕುಂಟುತ್ತಿತ್ತು. ನಿಧಾನ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ.

ಇದನ್ನೆಲ್ಲ ನಾನು ಒಂದೇ ಕಾಯಿಲೆ ಅಂದುಕೊಂಡೆ. ಮೂರು ವಾರ ಹಾಳಾಗಿದ್ದು ಅದರಿಂದಲೇ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ. ಇಲ್ಲಿ ನಾನು ಮಾಡಿದ ಪೆದ್ದ ಕೆಲಸ ಏನೆಂದರೆ, ಬಿಚ್ಚಿದ ಹಳೇ ಪ್ಲಗ್‌ಗಳನ್ನು ಮೂರನ್ನೂ ಒಂದೇ ಡಬ್ಬಕ್ಕೆ ಹಾಕಿಬಿಟ್ಟೆ. ಮನೆಗೆ ಹೋಗಿ ನೋಡಿದರೆ ಎರಡು ಕಂದು ಬಣ್ಣಕ್ಕಿವೆ, ಒಂದು ಮಾತ್ರ ಎಣ್ಣೆ ಹಿಡಿದು ಕಪ್ಪಾಗಿದೆ. ಆ ಕಪ್ಪು ಪ್ಲಗ್ ಯಾವ ಸಿಲಿಂಡರಿನದು? ಗೊತ್ತಿಲ್ಲ! ಎಂಜಿನ್ ತಾನಾಗಿಯೇ ಕೈಗೆ ಕೊಟ್ಟಿದ್ದ ಸಾಕ್ಷಿಯನ್ನು ನಾನೇ ಕಲಸಿ ಹಾಕಿದ್ದೆ.

ಆಮೇಲೆ ಕಂಡಕಂಡವರ ಸಲಹೆ ಶುರುವಾಯಿತು. ಒಬ್ಬರು ಕಿಡಿ ಕೊಡುವ ಕಾಯಿಲ್ ಹೋಗಿದೆ ಅಂದರು, ಇನ್ನೊಬ್ಬರು ಗಾಳಿ-ಪೆಟ್ರೋಲನ್ನು ಒಳಗೆ ಬಿಡುವ ರೀಡ್ ವಾಲ್ವ್ ಅಂದರು, ಮತ್ತೊಬ್ಬರು ಸಿಲಿಂಡರಿನ ಒತ್ತಡ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಅಂತ ಆಣೆ ಮಾಡಿ ಹೇಳಿದರು. ಯಾರೂ ಎಂಜಿನ್ ನೋಡಿರಲಿಲ್ಲ. ನನಗೆ ಮಾತ್ರ ನಿಂತ ಪೆಟ್ರೋಲ್ ಮೇಲೆ ಅನುಮಾನ. ಪೆಟ್ರೋಲ್ ಕಾರ್ಬ್ಯುರೇಟರಿನಲ್ಲೇ ಉಳಿದು ಆರಿದರೆ ಅಂಟಿನಂಥ ಪದರ ಬಿಡುತ್ತದೆ, ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಹಾಗಾಗಿ ಮೂರನ್ನೂ ಇಳಿಸಿ, ತಳದ ಬಟ್ಟಲು ಬಿಚ್ಚಿ, ಫ್ಲೋಟ್ ತೆಗೆದು, ದೊಡ್ಡ ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ ತೂತಿನ ತುಣುಕುಗಳನ್ನು) ಬಿಚ್ಚಿ, ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿ, ಮತ್ತೆ ಜೋಡಿಸಿದೆ. ಒಂದು ಇಡೀ ದಿನದ ಕೆಲಸ. ಮರುದಿನ ಕೀ ತಿರುಗಿಸಿದರೆ ಅದೇ ನಡುಕ, ಅದೇ ಕುಂಟು.

ಸರಿ, ಕಾರ್ಬ್ಯುರೇಟರಿನ ತಪ್ಪಲ್ಲ ಅಂತ ಮನಸ್ಸಿನಲ್ಲಿ ಗೆರೆ ಎಳೆದುಬಿಟ್ಟೆ. ಆ ಗೆರೆಯೇ ತಪ್ಪು. ಅದು ಆಮೇಲೆ ಬರುತ್ತದೆ.

ಮೂರನೇ ವಾರ ಸ್ಪ್ಯಾನರ್ ಕೆಳಗಿಟ್ಟು ಒಂದು ನೋಟ್‌ಬುಕ್ ತೆಗೆದುಕೊಂಡೆ. ಯಾವ ವೇಗದಲ್ಲಿ ಏನಾಗುತ್ತದೆ ಅಂತ ಬರೆಯುತ್ತಾ ಹೋದೆ. ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಐಡಲ್‌ನ ನಡುಕ ಮೊದಲ ನಿಮಿಷದಿಂದಲೇ ಇದೆ, ಯಾವಾಗಲೂ ಇದೆ. ಪೂರ್ತಿ ಥ್ರಾಟಲ್‌ನ ಕುಂಟು ಮಾತ್ರ ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ, ಬಿಟ್ಟರೆ ವಾಸಿಯಾಗುತ್ತದೆ. ಮಧ್ಯದಲ್ಲಿ ಎರಡೂ ಇಲ್ಲ. ಒಂದೇ ಕಾಯಿಲೆ ಹೀಗೆ ಎರಡು ಕಡೆ ಕಾಣಿಸಿಕೊಂಡು ನಡುವೆ ಮಾಯವಾಗುತ್ತದಾ? ಅನುಮಾನ ಬಂತು. ಬೇರೆ ಬೇರೆ ಅಂತಲೇ ಇಟ್ಟುಕೊಂಡು ನೋಡೋಣ ಅಂದುಕೊಂಡೆ.

ಮೊದಲು ಐಡಲ್.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದೆ. ಮೂರೂ ಪ್ಲಗ್ ಬಿಚ್ಚಿ, ಅವುಗಳ ವೈರ್‌ಗಳನ್ನು ಎಂಜಿನ್ ಬಾಡಿಗೆ ಸೇರಿಸಿ ಕಟ್ಟಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿದೆ. 120, 118, 122 ಪಿಎಸ್‌ಐ ಬಂತು. ಇಲ್ಲಿ ಒಂದೊಂದರ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ. 10 ಪರ್ಸೆಂಟ್ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಡ್ ಗ್ಯಾಸ್ಕೆಟ್ ಆಣೆ ಅಲ್ಲಿಗೆ ಮುಗಿಯಿತು. ಸ್ಪಾರ್ಕ್ ಟೆಸ್ಟರ್ ಇಟ್ಟು ನೋಡಿದೆ, ಮೂರರಲ್ಲೂ ನೀಲಿ ಕಿಡಿ ಗಟ್ಟಿಯಾಗಿ ಹಾರಿತು. ಕಾಯಿಲ್ ಕೂಡ ಬಚಾವ್.

ಆಮೇಲೆ ಮಾಡಿದ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಒಂದು ಸಲಕ್ಕೆ ಒಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ನೋಡುವುದು. ಕೆಲಸ ಮಾಡುತ್ತಿರುವ ಸಿಲಿಂಡರ್ ನಿಂತರೆ ಆರ್‌ಪಿಎಂ ಬೀಳಲೇಬೇಕು. ಬೀಳದಿದ್ದರೆ ಅದು ಮೊದಲೇ ಸತ್ತಿತ್ತು ಅಂತ ಅರ್ಥ. ಇದಕ್ಕೆ ವೈರ್ ಕಿತ್ತು ಗಾಳಿಯಲ್ಲಿ ಬಿಡಬೇಡಿ, ಇಗ್ನಿಷನ್ ಬಾಕ್ಸ್ ಸುಟ್ಟುಹೋಗಬಹುದು. ವೈರನ್ನು ಎಂಜಿನ್ ಬಾಡಿಗೆ ಮುಟ್ಟಿಸಿಯೇ ಇಡಬೇಕು. ಹಿಡಿಯಲು ಇನ್ಸುಲೇಷನ್ ಇರುವ ಇಕ್ಕಳವೇ ಬೇಕು, ಇಲ್ಲದಿದ್ದರೆ ಹೊಡೆತ ತಿಂದು ನೀವೇ ನೀರಿಗೆ ಬೀಳುತ್ತೀರಿ. ಸುತ್ತ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯ ಸುದ್ದಿಗೇ ಹೋಗಬೇಡಿ.

ಮೇಲಿನದು ನಿಲ್ಲಿಸಿದೆ, ಎಂಜಿನ್ ಸಾಯುವ ಹಾಗಾಯಿತು. ಕೆಳಗಿನದೂ ಹಾಗೆಯೇ. ನಡುವಿನದು ನಿಲ್ಲಿಸಿದೆ, ಏನೂ ಆಗಲಿಲ್ಲ. ಅದೇ ನಡುಕ, ಅದೇ ಸದ್ದು. ಮೂರು ವಾರದಲ್ಲಿ ಮೊದಲ ಬಾರಿ ಒಂದು ಖಚಿತವಾದ ಉತ್ತರ ಸಿಕ್ಕಿತ್ತು.

ಕಿಡಿ ಇದೆ, ಕಂಪ್ರೆಷನ್ ಇದೆ, ಹಾಗಾದರೆ ಇಲ್ಲದಿರುವುದು ಪೆಟ್ರೋಲ್. ಖಾತ್ರಿ ಮಾಡಿಕೊಳ್ಳಲು ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ಸಣ್ಣ ಸ್ಪ್ರೇ ಬಾಟಲಿಗೆ ಹಾಕಿ ನಡುವಿನ ಕಾರ್ಬ್ಯುರೇಟರಿನ ಬಾಯಿಗೆ ಒಂದೇ ಒಂದು ಪುಸ್ ಅಂತ ಹೊಡೆದೆ. ನಾಲ್ಕೈದು ಸೆಕೆಂಡ್ ಎಂಜಿನ್ ಹೊಸದರ ಹಾಗೆ ಓಡಿತು, ಮತ್ತೆ ನಡುಗಿತು.

ಅಂದರೆ ನಾನು ಗೆರೆ ಎಳೆದು ಬಿಟ್ಟಿದ್ದ ಕಾರ್ಬ್ಯುರೇಟರೇ ಕಳ್ಳ. ಮತ್ತೆ ಇಳಿಸಿದೆ. ಐಡಲ್‌ಗೆ ಪೆಟ್ರೋಲ್ ಕೊಡುವ ಸಣ್ಣ ಜೆಟ್ ಇದರಲ್ಲಿ ಒಂದು ರಬ್ಬರ್ ಬಿರಡೆಯ ಕೆಳಗಿದೆ. ಹಿಂದಿನ ಸಲ ನಾನು ಆ ಬಿರಡೆಯನ್ನು ನೋಡಿದ್ದೆ, ಏನೋ ಮುಚ್ಚಳ ಇರಬೇಕು ಅಂತ ಬಿಟ್ಟಿದ್ದೆ. ಉಳಿದೆರಡು ಕಾರ್ಬ್ಯುರೇಟರಿನಲ್ಲೂ ಹಾಗೇ ಬಿಟ್ಟಿದ್ದೆ, ಅವುಗಳ ತೂತು ಅದೃಷ್ಟಕ್ಕೆ ಮುಚ್ಚಿರಲಿಲ್ಲ ಅಷ್ಟೇ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದೆ. ತೂತೇ ಕಾಣಲಿಲ್ಲ. ಉಕ್ಕಿನ ತಂತಿ ತೂರಿಸುವ ಆಸೆ ಆಗುತ್ತದೆ, ಆದರೆ ಜೆಟ್ ಹಿತ್ತಾಳೆಯದು, ತೂತು ಒಂದು ಕೂದಲೆಳೆ ದೊಡ್ಡದಾದರೂ ಅಳತೆ ಕೆಡುತ್ತದೆ. ರಾತ್ರಿಯಿಡೀ ಕ್ಲೀನರಿನಲ್ಲಿ ನೆನೆಸಿ, ಬೆಳಿಗ್ಗೆ ಸಣ್ಣ ಗಾಳದ ನೈಲಾನ್ ದಾರ ತೂರಿಸಿ, ಗಾಳಿ ಊದಿದೆ. ಸೂಜಿಮೊನೆಯಷ್ಟು ಬೆಳಕು ಕಂಡಾಗ ಆದ ಖುಷಿ ಹೇಳಲಾರೆ.

ಅರ್ಧ ಥ್ರಾಟಲ್‌ನಲ್ಲಿ ಯಾಕೆ ಸರಿಯಿತ್ತು ಅನ್ನುವುದಕ್ಕೂ ಉತ್ತರ ಇಲ್ಲೇ ಇತ್ತು. ವೇಗ ಏರಿದಂತೆ ದೊಡ್ಡ ಜೆಟ್ ಪೆಟ್ರೋಲ್ ಕೊಡಲು ಶುರು ಮಾಡುತ್ತದೆ, ಸತ್ತಿದ್ದ ನಡುವಿನ ಸಿಲಿಂಡರ್ ಎದ್ದು ಕೂರುತ್ತದೆ.

ಜೋಡಿಸಿದೆ. ಪೆಟ್ರೋಲ್-ಗಾಳಿಯ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಬಿಚ್ಚುವಾಗಲೇ ಎಷ್ಟು ಸುತ್ತು ಅಂತ ಎಣಿಸಿ ಬರೆದುಕೊಂಡಿದ್ದೆ, ಒಂದೂವರೆ. ಒಳಗೆ ಮೆಲ್ಲಗೆ ತಾಗುವವರೆಗೆ ತಿರುಗಿಸಿ ಅಷ್ಟೇ ಹಿಂದಕ್ಕೆ ಬಿಟ್ಟೆ. ಬಿಗಿಯಾಗಿ ತಿರುಗಿಸಿದರೆ ಅದರ ಮೊನೆ ಹಾಳಾಗುತ್ತದೆ. ಕೀ ತಿರುಗಿಸಿದೆ. ನಡುಕ ಹೋಗಿತ್ತು!

ಖುಷಿಯಲ್ಲಿ ದೋಣಿ ತೆಗೆದುಕೊಂಡು ಹೊರಟೆ. ಪೂರ್ತಿ ಥ್ರಾಟಲ್ ಕೊಟ್ಟೆ. ಎರಡು ನಿಮಿಷ. ಮತ್ತೆ ಅದೇ ಹಗ್ಗ ಹಿಡಿದು ಜಗ್ಗಿದ ಹಾಗೆ.

ನಿಜ ಹೇಳಬೇಕೆಂದರೆ, ಆ ಕ್ಷಣ ಕಾರ್ಬ್ಯುರೇಟರನ್ನು ಮೂರನೇ ಸಲ ಇಳಿಸಲು ಕೈ ಹೋಗಿತ್ತು. ನೋಟ್‌ಬುಕ್ ಇಲ್ಲದಿದ್ದರೆ ಇಳಿಸಿಯೇ ಬಿಡುತ್ತಿದ್ದೆ, ಮತ್ತು ಸರಿಯಾಗಿರುವುದನ್ನು ಕೆಡಿಸುತ್ತಿದ್ದೆ. ಎರಡು ಕಾಯಿಲೆ ಅಂತ ಬರೆದಿದ್ದೆನಲ್ಲ, ಒಂದು ವಾಸಿಯಾಗಿದೆ, ಇನ್ನೊಂದನ್ನು ಇನ್ನೂ ಮುಟ್ಟಿಯೇ ಇಲ್ಲ.

ಮರುದಿನ ಗೆಳೆಯನನ್ನು ಸ್ಟಿಯರಿಂಗಿಗೆ ಕೂರಿಸಿ ನಾನು ಹಿಂದೆ ಪ್ರೈಮರ್ ಬಲ್ಬ್ ಹಿಡಿದು ಕೂತೆ. ಪೆಟ್ರೋಲ್ ಹೋಸಿನ ಮಧ್ಯೆ ಇರುವ ಆ ರಬ್ಬರ್ ಉಂಡೆ ಇದೆಯಲ್ಲ, ಅದು ಬರೀ ಶುರು ಮಾಡುವಾಗ ಒತ್ತಲು ಇರುವುದಲ್ಲ, ನಾಡಿ ನೋಡಲೂ ಅದೇ ಬೇಕು. ಎಂಜಿನ್ ಕುಂಟಲು ಶುರುವಾದಾಗ ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಟ್ಯಾಂಕ್ ಕಡೆ ಏನೋ ಕಟ್ಟಿಕೊಂಡಿದೆ: ಮುಚ್ಚಳದ ಗಾಳಿತೂತು ತೆರೆದಿಲ್ಲ, ಅಥವಾ ಟ್ಯಾಂಕ್ ಒಳಗಿನ ಜಾಲರಿ ಮುಚ್ಚಿದೆ. ಬಲ್ಬ್ ಮೆತ್ತಗೆ ಜೋತಾಡುತ್ತಿದ್ದು, ಒತ್ತಿದ ಕೂಡಲೇ ಎಂಜಿನ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಎಂಜಿನ್ನಿನ ಪೆಟ್ರೋಲ್ ಪಂಪ್ ಸೋತಿದೆ.

ನನ್ನದು ಮೆತ್ತಗಿತ್ತು. ಒತ್ತುತ್ತಾ ಹೋದೆ, ದೋಣಿ ಮುಂದಕ್ಕೆ ನೆಗೆಯಿತು. ನಿಲ್ಲಿಸಿದೆ, ಮತ್ತೆ ಕುಂಟಿತು. ಮೂರು ಸಲ ಮಾಡಿ ನೋಡಿದೆವು.

ಗಾಳಿಯೋ ಪಂಪೋ ಅನ್ನುವುದಕ್ಕೆ ಗೆಳೆಯನ ಟ್ಯಾಂಕ್ ಮತ್ತು ಹೋಸ್ ತಂದು ನನ್ನ ಎಂಜಿನ್ನಿಗೆ ಸಿಕ್ಕಿಸಿದೆವು. ಹತ್ತು ನಿಮಿಷ ಪೂರ್ತಿ ಥ್ರಾಟಲ್, ಒಂದು ಕೆಮ್ಮೂ ಇಲ್ಲ. ಪಂಪ್ ಚೆನ್ನಾಗಿದೆ, ತಪ್ಪು ನನ್ನ ಹೋಸ್ ಅಥವಾ ಟ್ಯಾಂಕಿನಲ್ಲಿದೆ. ಕೆಲವೇ ನಿಮಿಷದ ಕೆಲಸ ಇದು, ಮೂರು ವಾರ ಹೊಳೆದಿರಲಿಲ್ಲ.

ನನ್ನ ಹೋಸ್ ಮರಳಿ ಹಾಕಿ, ಬಲ್ಬಿಗೂ ಎಂಜಿನ್ನಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ನೋಡಲು ಮಾತ್ರ, ಆಮೇಲೆ ತೆಗೆದೆ, ಅಂಥ ಪೈಪ್ ಪೆಟ್ರೋಲಿಗೆ ಬಾಳುವುದಿಲ್ಲ. ನಿಧಾನವಾಗಿ ಓಡುವಾಗ ಒಂದೊಂದು ಗುಳ್ಳೆ. ವೇಗ ಏರಿಸಿದಾಗ ಸೋಡಾ ಬಾಟಲಿ.

ನನಗೆ ತಲೆಕೆಟ್ಟಿದ್ದು ಏನೆಂದರೆ, ಎಲ್ಲೂ ಒಂದು ಹನಿ ಪೆಟ್ರೋಲ್ ಸೋರುತ್ತಿರಲಿಲ್ಲ. ಆಮೇಲೆ ಅರ್ಥವಾಯಿತು. ಟ್ಯಾಂಕಿನಿಂದ ಬಲ್ಬಿನವರೆಗೆ ಪೆಟ್ರೋಲನ್ನು ಎಳೆಯುವುದೇ ಹೊರತು ತಳ್ಳುವುದಿಲ್ಲ, ಆ ಭಾಗದಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬಲ್ಬ್ ಒತ್ತಿದರೂ ಸೋರುವುದಿಲ್ಲ, ಯಾಕೆಂದರೆ ಅದರೊಳಗಿನ ವಾಲ್ವ್ ಹಿಂದಕ್ಕೆ ಬಿಡುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣದ ಸೋರಿಕೆ ಇದು. ನಿಧಾನವಾಗಿ ಹೋಗುವಾಗ ಎಂಜಿನ್ನಿಗೆ ಬೇಕಾದದ್ದು ಕಡಿಮೆ, ಹೇಗೋ ಸಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಇಂಥ ಎಂಜಿನ್ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತದೆ. ಕಾರ್ಬ್ಯುರೇಟರಿನ ಬಟ್ಟಲುಗಳಿಗೆ ಬರುವುದಕ್ಕಿಂತ ಹೋಗುವುದು ಜಾಸ್ತಿಯಾಗಿ ಅವು ಮೆಲ್ಲಗೆ ಬರಿದಾಗುತ್ತವೆ. ಆ ಎರಡು ನಿಮಿಷದ ಗುಟ್ಟು ಅದು.

ಎಲ್ಲಿಂದ ಅಂತ ಹುಡುಕಲು ಗ್ರೀಸ್ ಸಾಕಾಯಿತು. ಒಂದೊಂದೇ ಜೋಡಣೆಗೆ ದಪ್ಪಗೆ ಮೆತ್ತಿ ಗುಳ್ಳೆ ನೋಡಿದೆ. ಬಲ್ಬಿನ ಕ್ಲಿಪ್, ಬದಲಾವಣೆ ಇಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಿಕಪ್ ಪೈಪಿನ ಬುಡ, ಇಲ್ಲ. ಹೋಸ್ ಟ್ಯಾಂಕಿಗೆ ಸೇರುವ ಕನೆಕ್ಟರಿಗೆ ಮೆತ್ತಿದೆ, ಗುಳ್ಳೆ ನಿಂತಿತು. ಬಿಚ್ಚಿದರೆ ಒಳಗಿನ ರಬ್ಬರ್ ಓ-ರಿಂಗ್ ಚಪ್ಪಟೆಯಾಗಿ, ಒಂದು ಕಡೆ ಸೀಳು ಬಿಟ್ಟಿತ್ತು. ಚಿಕ್ಕ ಬೆರಳಿಗೂ ಹಿಡಿಯದ ಉಂಗುರ.

ಒಂದು ವಿಷಯ ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ನನ್ನದರಂತೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಸಿಗುವುದೇ ಪೆಟ್ರೋಲ್ ಜೊತೆಯಲ್ಲಿ. ನನ್ನದು 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ, ಮೇಲಿಂದ ಒಳಗಿನ ಬಿಸಿ ಜಾಸ್ತಿ. ಕುಂಟುತ್ತಿರುವ ಎಂಜಿನ್ನನ್ನು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ಓಡಿಸಿ ನೋಡುವುದು ಪಿಸ್ಟನ್ ಸುಡಲು ಒಳ್ಳೇ ದಾರಿ. ನಾನು ಮೂರು ವಾರ ಅದನ್ನೇ ಮಾಡಿದ್ದೆ. ಬಚಾವಾಗಿದ್ದು ಎಂಜಿನ್ನಿನ ದೊಡ್ಡತನ. ಓ-ರಿಂಗ್ ಬದಲಿಸಿದ ಮೇಲೆ ಮತ್ತೊಮ್ಮೆ ಕಂಪ್ರೆಷನ್ ನೋಡಿದೆ, ಅಂಕಿಗಳು ಕದಲಿರಲಿಲ್ಲ.

ನೀರು ಸೇರಿದ ಪೆಟ್ರೋಲ್, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ವೈರ್, ಎಂಜಿನ್ ತಣಿಸಿ ಹೊರಬರುವ ಕೂಲಿಂಗ್ ನೀರಿನ ಧಾರೆ ಇವನ್ನೂ ನೋಡಿದ್ದೆ, ಮೂರೂ ಸರಿಯಿದ್ದವು. ಪೆಟ್ರೋಲಿಗೆ ಸುಲಭದ ಪರೀಕ್ಷೆ: ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಧಾರೆ ನೋಡದೆ ಯಾವ ಪರೀಕ್ಷೆಗೂ ಎಂಜಿನ್ ಓಡಿಸಬೇಡಿ, ದಡದಲ್ಲಿ ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಇಂಪೆಲ್ಲರ್ ಹಾಳಾಗಲು ಹೆಚ್ಚು ಹೊತ್ತು ಬೇಡ.

ಈಗ ದೋಣಿಯ ಪೆಟ್ಟಿಗೆಯಲ್ಲಿ ನಾಲ್ಕು ಓ-ರಿಂಗ್ ಇವೆ. ಬಿಚ್ಚಿದ ಪ್ಲಗ್ ಇಡಲು 1, 2, 3 ಅಂತ ಬರೆದ ಮರದ ಹಲಗೆಯೂ ಇದೆ. ಉಳಿದಿರುವ ತಕರಾರು ಒಂದೇ. ತಣ್ಣಗಿರುವಾಗ ಮೇಲಿನ ಕಾರ್ಬ್ಯುರೇಟರ್ ಒಂದೆರಡು ಸಲ ಸೀನುತ್ತದೆ. ಅದರ ಬಿರಡೆಯ ಕೆಳಗಿನ ಜೆಟ್ಟನ್ನು ನಾನಿನ್ನೂ ಬಿಚ್ಚಿಲ್ಲ ಅಲ್ವಾ, ಈ ಭಾನುವಾರ ಅದೇ ಕೆಲಸ.