ಅಮ್ಮನನ್ನು ಚಪ್ಪಲಿಯಲ್ಲೇ ಗಣಿಗೆ ಇಳಿಸಿದೆ

ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದೊಳಗೆ ಚಾಚಿಕೊಂಡಿರುವ ಕೀವಿನಾ ಅನ್ನೋ ಜಾಗ ಇದೆ. ನಾವಿರುವುದು ಅಲ್ಲಿನ ಹೋಟನ್ ಊರಲ್ಲಿ. ಚಳಿಗಾಲದಲ್ಲಿ ಇನ್ನೂರು ಇಂಚಿಗಿಂತ ಜಾಸ್ತಿ ಹಿಮ ಬೀಳುವುದರಿಂದ ಆಗ ನೆಂಟರು ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಬಂದರೆ ಬೇಸಿಗೆಯಲ್ಲೇ, ಎಲ್ಲರೂ ಒಟ್ಟಿಗೆ. ಹಾಗಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ನಾನು ಸಂಬಳವಿಲ್ಲದ ಗೈಡ್. ಇಲ್ಲಿ ತೋರಿಸುವುದಕ್ಕೆ ಇರುವುದು ಹಳೇ ತಾಮ್ರದ ಗಣಿಗಳು.

ಮೊದಲ ಸಲ ಪೂರ್ತಿ ಕೆಡಿಸಿದ್ದೆ. ಅಮ್ಮ ಆಗಷ್ಟೇ ತುಮಕೂರಿನಿಂದ ಬಂದಿದ್ದರು, ಹೊರಗೆ ಒಳ್ಳೇ ಬಿಸಿಲು, ಕಾಟನ್ ಸೀರೆ, ಕಾಲಿಗೆ ಚಪ್ಪಲಿ, ಹಾಗೇ ಕಾರು ಹತ್ತಿಸಿ ಕ್ವಿನ್ಸಿ ಗಣಿಗೆ ಕರೆದುಕೊಂಡು ಹೋದೆ. ಒಳಗೆ ಬೇಸಿಗೆಯಲ್ಲೂ ಆರು ಡಿಗ್ರಿ ಚಳಿ ಅಂತ ಓದಿದ್ದೆ, ತಲೆಗೆ ಹೋಗಿರಲಿಲ್ಲ. ಗಣಿಯವರೇ ಜಾಕೆಟ್ ಕೊಡುತ್ತಾರೆ, ಹೆಲ್ಮೆಟ್ಟೂ ಕೊಡುತ್ತಾರೆ, ಆದರೆ ಕಾಲಿಗೆ ಏನು ಮಾಡುವುದು? ನೆಲ ಪೂರ್ತಿ ಒದ್ದೆ. ಅರ್ಧ ದಾರಿಯಲ್ಲಿ ಅಮ್ಮ ನನ್ನ ಕಿವಿಯಲ್ಲಿ, "ಫ್ರಿಜ್ಜಿನೊಳಗೆ ಯಾಕೆ ತಂದು ಬಿಟ್ಟೆಯೇ?" ಅಂದರು. ಅದು ಸಾಲದು ಅಂತ ಅದೇ ದಿನ ಕ್ಯಾಲುಮೆಟ್ ಊರು, ಡೆಲವೇರ್ ಗಣಿ, ಕಾಪರ್ ಹಾರ್ಬರ್ ಊರು ಎಲ್ಲವನ್ನೂ ತುರುಕಿದ್ದೆ. ವಾಪಸ್ ಬರುವಾಗ ಕಾರಿನಲ್ಲಿ ನಾನೊಬ್ಬಳೇ ಎಚ್ಚರ ಇದ್ದಿದ್ದು.

ಈಗ ಎರಡು ದಿನ ಮಾಡುತ್ತೇನೆ. ಮೊದಲ ದಿನ ಕ್ವಿನ್ಸಿ ಮಾತ್ರ. ಉಣ್ಣೆ ಕಾಲುಚೀಲ, ಶೂ ಕಡ್ಡಾಯ, ಸೀರೆಯವರಿಗೆ ಒಳಗೆ ಲೆಗ್ಗಿಂಗ್ಸ್. ಜೂನ್‌ನಲ್ಲಾದರೆ ಸೊಳ್ಳೆ ಕಚ್ಚದಂತೆ ಹಚ್ಚುವ ಮುಲಾಮು. ಅವಸರ ಬೇಕಿಲ್ಲ, ಇಲ್ಲಿ ಆಗ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ಮೇಲೆ.

ಗಣಿಯೊಳಗೆ ಅವರ ಗೈಡ್ ಮಾತಾಡುತ್ತಾರೆ, ನಾನು ಪಕ್ಕದಲ್ಲಿ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಎಲ್ಲವನ್ನೂ ಹೇಳಲು ಹೋದರೆ ಮುಂದಿನದು ಕೇಳಿಸುವುದಿಲ್ಲ, ಸುಮ್ನೆ ಗೊಂದಲ. ಅದಕ್ಕೆ ಹಿಂದಿನ ರಾತ್ರಿ ಊಟದ ಹೊತ್ತಿಗೇ ಕಥೆ ಹೇಳಿಬಿಡುತ್ತೇನೆ. ಬೇರೆ ಕಡೆ ತಾಮ್ರ ಗಂಧಕದ ಜೊತೆ ಬೆರೆತ ಅದಿರಾಗಿ ಸಿಗುವುದೇ ಜಾಸ್ತಿ, ಇಲ್ಲಿ ಬಂಡೆಯೊಳಗೆ ನೇರವಾಗಿ ಲೋಹವೇ ಸಿಗುತ್ತಿತ್ತು. ನಮ್ಮ ಬಚ್ಚಲಿನ ಹಂಡೆ ಇದೆಯಲ್ಲ, ಅದೇ ತಾಮ್ರ, ಗಟ್ಟಿಯಾಗಿ ಕಲ್ಲಲ್ಲಿ ಕೂತಿದೆ ಅಂದುಕೊಳ್ಳಿ ಅಂತೀನಿ. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ತೆಗೆದು ಬಡಿದು ಈಟಿ, ಕತ್ತಿ ಮಾಡಿಕೊಳ್ಳುತ್ತಿದ್ದರು. ಆಮೇಲೆ 1840ರ ದಶಕದಲ್ಲಿ ಕಂಪನಿಗಳು ಬಂದವು. ದೊಡ್ಡ ತಾಮ್ರದ ಗಟ್ಟಿ ಸಿಕ್ಕರೆ ಖುಷಿಗಿಂತ ತಲೆನೋವೇ ಜಾಸ್ತಿ, ಅದು ಸಿಡಿಮದ್ದಿಗೆ ಒಡೆಯುವುದಿಲ್ಲ, ಮೆತ್ತಗಿರುತ್ತದೆ, ಉಳಿ ಸುತ್ತಿಗೆ ಹಿಡಿದು ಕೈಯಲ್ಲೇ ಕಡಿಯಬೇಕಿತ್ತು.

ಕ್ವಿನ್ಸಿ 1846ರಿಂದ 1945ರ ತನಕ ನಡೆದ ಗಣಿ. ಎರಡನೇ ನಂಬರ್ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ಇಳಿಜಾರಿನ ಉದ್ದಕ್ಕೆ 9,000 ಅಡಿಗಿಂತ ಜಾಸ್ತಿ ಇಳಿಯುತ್ತದೆ. ಈಗ ಏಳನೇ ಲೆವೆಲ್ಲಿನಿಂದ, ಅಂದರೆ ಗಣಿಯೊಳಗಿನ ಏಳನೇ ಅಂತಸ್ತಿನಿಂದ, ಕೆಳಗೆ ಪೂರ್ತಿ ನೀರು. ಗುಡ್ಡದ ಮೇಲಿನಿಂದ ಹಲ್ಲಿನ ಹಳಿಯ ಟ್ರಾಮಿನಲ್ಲಿ ಇಳಿದು, ಅಲ್ಲಿಂದ ಟ್ರಾಕ್ಟರ್ ಎಳೆಯುವ ಗಾಡಿಯಲ್ಲಿ ಅಡ್ಡ ಸುರಂಗದೊಳಕ್ಕೆ ಹೋಗುತ್ತೇವೆ. ಮಂಡಿ ನೋವಿನವರೂ ಬರಬಹುದು.

ಮಾವನವರು ಬಂದ ವರ್ಷ ನನ್ನ ಗೈಡ್‌ಗಿರಿ ಕೆಲಸಕ್ಕೆ ಬರಲಿಲ್ಲ. ಅವರು ಕೆ.ಜಿ.ಎಫ್‌ನಲ್ಲಿ ಗಣಿಗೆ ಜನರನ್ನೂ ಅದಿರನ್ನೂ ಹಗ್ಗದಲ್ಲಿ ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್‌ನ ಡ್ರೈವರ್ ಆಗಿದ್ದವರು, 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದವರು. ಕ್ವಿನ್ಸಿಯಲ್ಲಿ ನಾರ್ಡ್‌ಬರ್ಗ್ ಹಾಯ್ಸ್ಟ್ ಅಂತ ಅಂಥದ್ದೇ ಒಂದು ಯಂತ್ರ ಇದೆ, ಹಬೆಯಿಂದ ಓಡುವ ಹಾಯ್ಸ್ಟ್‌ಗಳಲ್ಲಿ ಪ್ರಪಂಚದಲ್ಲೇ ದೊಡ್ಡದು, ಹಗ್ಗ ಸುತ್ತುವ ಡ್ರಮ್ಮಿನ ವ್ಯಾಸವೇ 30 ಅಡಿ. 1920ರಲ್ಲಿ ಶುರುವಾಗಿ 1931ಕ್ಕೆ ನಿಂತುಹೋಯಿತು, ಹನ್ನೊಂದೇ ವರ್ಷ. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಾವ ಪಕ್ಕದಲ್ಲಿ ಇಲ್ಲ. ನೋಡಿದರೆ ಡ್ರೈವರ್ ನಿಲ್ಲುವ ಜಾಗದ ಎದುರು ನಿಂತಿದ್ದಾರೆ, ಬಲಗೈ ಸ್ವಲ್ಪ ಮುಂದಕ್ಕೆ ಬಂದಿದೆ, ಏನೋ ಹಿಡಿದಂತೆ ಬೆರಳು ಮಡಚಿಕೊಂಡಿದೆ, ಕಣ್ಣು ಮಾತ್ರ ಮೇಲಿನ ಡಯಲ್ ಮೇಲೆ.

"ಬ್ರೇಕ್ ಇಲ್ಲಿರಬೇಕಮ್ಮಾ," ಅಂದರು. "ಹಗ್ಗ ನೋಡಬಾರದು. ಮುಳ್ಳು ನೋಡಬೇಕು, ಬೆಲ್ ಕೇಳಬೇಕು, ಅಷ್ಟೇ."

ಆ ದಿನದ ಗೈಡ್ ಹುಡುಗ ಬಂದು ಏನು ಅಂತ ಕೇಳಿದ. ಹೇಳಿದೆ. ಅವನು ಅಲ್ಲಿಂದ ಮುಂದೆ ಮಾವನನ್ನೇ ಕೇಳತೊಡಗಿದ, ನಾನು ಇಬ್ಬರ ನಡುವೆ ಅನುವಾದಕಿ. ಒಳಗೆ ಹೋದಾಗ ಮಾವನಿಗೆ ಚಳಿಯೇ ಆಶ್ಚರ್ಯ. ಕೆ.ಜಿ.ಎಫ್‌ನ ಅವರ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಮೈಮೇಲೆ ಬಟ್ಟೆ ನಿಲ್ಲುತ್ತಿರಲಿಲ್ಲವಂತೆ, ಅಷ್ಟು ಸೆಕೆ. ಇಲ್ಲೂ ತಳದಲ್ಲಿ ಸೆಕೆಯೇ ಇತ್ತು, ನಾವು ನಿಂತಿರುವುದು ಮೇಲಿನ ಲೆವೆಲ್ಲಿನಲ್ಲಿ ಅಂತ ಆ ಹುಡುಗನೇ ಹೇಳಿದ.

ಮಧ್ಯಾಹ್ನಕ್ಕೆ ಪಾಸ್ಟಿ ತಿನ್ನಿಸುತ್ತೇನೆ. ದೊಡ್ಡ ಕರ್ಜಿಕಾಯಿ ಆಕಾರ, ಒಳಗೆ ಮಾಂಸ, ಆಲೂಗಡ್ಡೆ. ತರಕಾರಿಯದು ಬೇಕಾದರೆ ಮೊದಲೇ ಕೇಳಿಕೊಂಡು ಹೋಗಬೇಕು. ಇದನ್ನು ತಂದವರು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು. ಅವರ ಊರಲ್ಲಿ ಗಣಿಗಳು ಸೊರಗಿದಾಗ ಇಲ್ಲಿಗೂ ಬಂದರು, ಕೋಲಾರಕ್ಕೂ ಹೋದರು. ಮಾವ ಪಾಸ್ಟಿ ತಿನ್ನುತ್ತಾ, ಉಪ್ಪು ಖಾರ ಏನೂ ಇಲ್ಲ ಅಂತ ಕಾರಿನಿಂದ ಚಟ್ನಿಪುಡಿ ತರಿಸಿದರು.

ಎರಡನೇ ದಿನ ಕ್ಯಾಲುಮೆಟ್. ಇಟಾಲಿಯನ್ ಹಾಲ್‌ನ ಕಮಾನಿನ ಹತ್ತಿರ ನಾನು ಜಾಸ್ತಿ ಮಾತಾಡುವುದಿಲ್ಲ. 1913ರ ಗಣಿ ಕಾರ್ಮಿಕರ ಮುಷ್ಕರದ ಸಮಯ, ಕ್ರಿಸ್‌ಮಸ್ ಹಿಂದಿನ ದಿನ, ಆ ಹಾಲ್‌ನಲ್ಲಿ ನಡೆದ ಕಾರ್ಮಿಕರ ಮಕ್ಕಳ ಪಾರ್ಟಿಯಲ್ಲಿ ಯಾರೋ "ಬೆಂಕಿ" ಅಂತ ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲ ಮೇಲಿನ ನೂಕುನುಗ್ಗಲಲ್ಲಿ 73 ಜನ ಸತ್ತರು, ಹೆಚ್ಚಿನವರು ಮಕ್ಕಳು. ಕಟ್ಟಡ ಕೆಡವಿದ್ದಾರೆ, ಬಾಗಿಲ ಕಮಾನು ಮಾತ್ರ ಹುಲ್ಲಿನ ಮಧ್ಯೆ ನಿಂತಿದೆ. ಚಿಕ್ಕ ಮಕ್ಕಳಿರುವ ಮನೆಯವರಾದರೆ ಇದನ್ನು ಹೇಳಲೋ ಬೇಡವೋ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಅಮ್ಮ ಮುಂದಿನ ಜುಲೈಗೆ ಮತ್ತೆ ಬರುತ್ತಿದ್ದಾರೆ. ಗಣಿಗೆ ಬರಲ್ಲ, ಮೇಲೆ ಬೆಂಚಿನಲ್ಲಿ ಬಿಸಿಲು ಕಾಯಿಸುತ್ತಾ ಕೂತಿರುತ್ತೇನೆ ಅಂದಿದ್ದಾರೆ. ಆದರೂ ಒಂದು ಜೊತೆ ಶೂ ತಂದಿಟ್ಟಿದ್ದೇನೆ.