ಮೊದಲು ಟಾನ್ಸಿಲ್ ನೋಡಿ

ಮುಂಬೈ ಪರೇಲ್‌ನ ಒಂದು ಪೆಥಾಲಜಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಊರು ಕುಂದಾಪುರ, ಮನೆ ಡೊಂಬಿವಲಿ. ಬಯಾಪ್ಸಿ ಸ್ಲೈಡುಗಳಿಗೆ ಪಿಡಿ-ಎಲ್1 ಸ್ಟೇನ್ ಮಾಡುವುದು ನನ್ನ ಕೆಲಸ.

ಪಿಡಿ-ಎಲ್1 ಕೋಶದ ಹೊರಪೊರೆಯ ಮೇಲೆ ಕೂರುವ ಪ್ರೋಟೀನ್. ಕ್ಯಾನ್ಸರ್ ಕೋಶವನ್ನು ಕೊಲ್ಲಲು ಬಂದ ಟಿ ಕೋಶದ (ದೇಹದ ರಕ್ಷಣಾ ಕೋಶದ) ಮೇಲಿರುವ ಪಿಡಿ-1 ಪ್ರೋಟೀನಿಗೆ ಅದು ಅಂಟಿಕೊಂಡು ಬ್ರೇಕ್ ಹಾಕುತ್ತದೆ. ಪಿಡಿ-1 ಕಂಡುಹಿಡಿದ ತಸುಕು ಹೊಂಜೊ, ಜೇಮ್ಸ್ ಆಲಿಸನ್ ಅವರ ಜೊತೆ 2018ರ ನೊಬೆಲ್ ಹಂಚಿಕೊಂಡರು. ಆ ಬ್ರೇಕ್ ಬಿಡಿಸುವ ಔಷಧಗಳಲ್ಲಿ ಪೆಂಬ್ರೊಲಿಜುಮ್ಯಾಬ್ ಒಂದು. ಅದನ್ನು ಕೊಡಬೇಕೇ ಎಂದು ನಿರ್ಧರಿಸುವಾಗ ಡಾಕ್ಟರು ನಮ್ಮ ಸ್ಲೈಡನ್ನೂ ನೋಡುತ್ತಾರೆ. ಹಾಗಾಗಿ ಪಿಡಿ-ಎಲ್1 ಇರುವಲ್ಲಿ ಸ್ಟೇನ್ ಮೂಡಿಸುವ ಕಂದು ಬಣ್ಣ ನನಗೆ ಸುಮ್ನೆ ಬಣ್ಣ ಅಲ್ಲ.

ಪಿಡಿ-ಎಲ್1ಕ್ಕೆ ಅಂಟುವ ಆಂಟಿಬಾಡಿಯಿಂದ ಸ್ಟೇನ್ ಮಾಡುತ್ತೇವೆ. ಅದರಲ್ಲಿ ಬೇರೆ ಬೇರೆ ತಳಿಗಳಿವೆ, ಅವನ್ನು ಕ್ಲೋನ್ ಅನ್ನುತ್ತಾರೆ. ನಾವು ಬಳಸುವುದು 22ಸಿ3 ಕ್ಲೋನ್. ಆಂಟಿಬಾಡಿಗಳಲ್ಲಿ ಕ್ಲೋನ್ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಉದಾಹರಣೆಗೆ ಎಸ್‌ಪಿ142 ಅನ್ನುವ ಕ್ಲೋನ್ ಶ್ವಾಸಕೋಶದ ಗಡ್ಡೆಯಲ್ಲಿ ಕಡಿಮೆ ಗಡ್ಡೆ ಕೋಶಗಳನ್ನು ಕಂದಾಗಿ ತೋರಿಸುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಕ್ಲೋನ್ ಹೆಸರು ಬರೆಯುವುದು.

ಒಂದು ಮಳೆಗಾಲದ ಸಂಜೆ ಶ್ವಾಸಕೋಶದ ಒಂದು ಬಯಾಪ್ಸಿಯ ಸ್ಲೈಡ್ ಪೂರ್ತಿ ನೀಲಿಯಾಗಿ ಬಂತು. ಕಂದು ಒಂದಿಷ್ಟೂ ಇಲ್ಲ. ಅದೇ ಸ್ಲೈಡಿನ ತುದಿಯಲ್ಲಿ ಸ್ಟೇನ್ ಸರಿಯಾಗಿದೆಯೇ ಎಂದು ತಿಳಿಯಲು ಕಂಟ್ರೋಲ್ ಅಂತ ಒಂದು ತುಂಡು ಟಾನ್ಸಿಲ್ ಇಟ್ಟಿರುತ್ತೇವೆ. ಅದರ ಕ್ರಿಪ್ಟ್ ಎಪಿಥೀಲಿಯಂ (ಟಾನ್ಸಿಲ್‌ನ ಮಡಿಕೆಗಳ ಒಳಪದರ) ಚೆನ್ನಾಗಿ ಕಂದಾಗಿತ್ತು. ಕಂಟ್ರೋಲ್ ಸರಿ ಇದೆ, ಪೇಶಂಟ್ ನೆಗೆಟಿವ್ ಅಂದುಕೊಂಡು ಸ್ಲೈಡ್ ಒಪ್ಪಿಸಿದೆ.

ನಮ್ಮ ಪೆಥಾಲಜಿಸ್ಟ್, ಧಾರವಾಡದ ಮೇಡಂ, ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. "ಕ್ರಿಪ್ಟ್ ನೋಡಿದಿ, ಸರಿ. ಒಳಗಿನ ಮ್ಯಾಕ್ರೋಫೇಜ್ ನೋಡಿದಿ ಏನು?" ಅಂದರು.

ಮ್ಯಾಕ್ರೋಫೇಜ್ ಅಂದರೆ ಕಸ ನುಂಗುವ ರಕ್ಷಣಾ ಕೋಶ. ಅವನ್ನು ನಾನು ನೋಡಿರಲಿಲ್ಲ.

ಕ್ರಿಪ್ಟ್‌ನಲ್ಲಿ ಪಿಡಿ-ಎಲ್1 ತುಂಬಾ ಇರುತ್ತದೆ. ಸ್ಟೇನ್ ಅರ್ಧಂಬರ್ಧ ಆದರೂ ಅದು ಕಂದಾಗುತ್ತದೆ. ಜರ್ಮಿನಲ್ ಸೆಂಟರ್ ಅಂದರೆ ಟಾನ್ಸಿಲ್‌ನೊಳಗೆ ರಕ್ಷಣಾ ಕೋಶಗಳು ಬೆಳೆಯುವ ಜಾಗ. ಅಲ್ಲಿನ ಮ್ಯಾಕ್ರೋಫೇಜ್‌ಗಳಲ್ಲಿ ಇರುವುದು ಸ್ವಲ್ಪವೇ. ಸ್ಟೇನ್ ಸೋತರೆ ಮೊದಲು ಮಾಯವಾಗುವುದು ಅವೇ. ಅವತ್ತು ಅವು ಕಾಣಿಸಲೇ ಇಲ್ಲ. ಅಂದ ಮೇಲೆ ಪೇಶಂಟ್ ನೆಗೆಟಿವ್ ಅನ್ನೋದನ್ನ ನಂಬೋದು ಹೇಗೆ?

ಆಂಟಿಬಾಡಿ ಬಾಟಲಿ, ಡೈಲ್ಯೂಷನ್, ಕಂದು ಬಣ್ಣ ಕೊಡುವ ಡಿಎಬಿ ಎಲ್ಲ ನೋಡಿದೆ. ತಪ್ಪು ಅಲ್ಲೆಲ್ಲೂ ಇರಲಿಲ್ಲ. ಕೊನೆಗೆ ವಾಟರ್ ಬಾತ್ ನೆನಪಾಯಿತು. ಅಂಗಾಂಶ ಕೆಡದಂತೆ ಹಾಕುವ ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಮತ್ತೆ ತೆರೆಯಲು ಸ್ಲೈಡನ್ನು ಬಿಸಿ ಬಫರಿನಲ್ಲಿ ಇಡುತ್ತೇವೆ. ಬಾತ್‌ನ ಡಿಸ್‌ಪ್ಲೇ 97 ಡಿಗ್ರಿ ಅಂತಲೇ ತೋರಿಸುತ್ತಿತ್ತು. ಆದರೆ ಅವತ್ತು ನಾನು ಬಫರನ್ನು ಫ್ರಿಜ್‌ನಿಂದ ತೆಗೆದು, ಜಾರಿಗೆ ಸುರಿದು, ತಕ್ಷಣ ಟೈಮರ್ ಒತ್ತಿದ್ದೆ. ನೀರು ಬಿಸಿ ಇತ್ತು, ಜಾರಿನೊಳಗಿನ ಬಫರ್ ಇರಲಿಲ್ಲ. ಬಿಸಿಯಾಗುವ ಹೊತ್ತಿಗೆ ಅರ್ಧ ಸಮಯ ಮುಗಿದಿತ್ತು.

ಮತ್ತೆ ಮಾಡಬೇಕು, ಆದರೆ ಪೇಶಂಟಿನ ಮೇಣದ ಬ್ಲಾಕಿನಲ್ಲಿ ಅಂಗಾಂಶ ಕೂದಲೆಳೆಯಷ್ಟು ಉಳಿದಿತ್ತು. 4 ಮೈಕ್ರಾನಿನ ಒಂದು ಸೆಕ್ಷನ್ ಉಸಿರು ಬಿಗಿಹಿಡಿದು ಕತ್ತರಿಸಿದೆ. ಬಫರನ್ನು ಮೊದಲೇ ಬಾತ್‌ನಲ್ಲಿಟ್ಟು, ಜಾರಿನೊಳಗೇ ಗಾಜಿನ ಥರ್ಮಾಮೀಟರ್ ಇಳಿಸಿ, 97 ಕಂಡ ಮೇಲೆ ಸ್ಲೈಡ್ ಹಾಕಿದೆ. ಈ ಸಲ ಮ್ಯಾಕ್ರೋಫೇಜ್‌ಗಳು ತೆಳು ಕಂದಾಗಿ ಬಂದವು. ಟಾನ್ಸಿಲ್‌ನ ಮೇಲ್ಪದರ ಬಿಳಿಚಾಗೇ ಇತ್ತು, ಅದು ಹಾಗೇ ಇರಬೇಕು. ಪೇಶಂಟ್ ಕೋಶಗಳ ಸುತ್ತ ದಾರದಂಥ ಗೆರೆ ಎದ್ದಿತ್ತು.

ಮೇಡಂ ಎಣಿಸಿದರು. ಕನಿಷ್ಠ 100 ಜೀವಂತ ಗಡ್ಡೆ ಕೋಶ ಸಿಗಲೇಬೇಕು, ಸಿಕ್ಕವು. ಪೊರೆಯ ಗೆರೆ ಅರ್ಧ ಸುತ್ತು ಇದ್ದರೂ, ತೆಳುವಾಗಿದ್ದರೂ ಲೆಕ್ಕಕ್ಕೆ ಬರುತ್ತದೆ. ನಡುವೆ ಸಿಕ್ಕ ಮ್ಯಾಕ್ರೋಫೇಜ್‌ಗಳನ್ನು ಬಿಟ್ಟು ಎಣಿಸಬೇಕು, ಹೊಸಬರು ಜಾಸ್ತಿ ಎಡವುವುದು ಅಲ್ಲೇ. 100ಕ್ಕೆ 60 ಬಂತು. ಇಜಿಎಫ್‌ಆರ್, ಎಎಲ್‌ಕೆ ಜೀನ್‌ಗಳಲ್ಲಿ ದೋಷಗಳಿಲ್ಲದಿದ್ದರೆ 50 ಅಥವಾ ಹೆಚ್ಚು ಬಂದ ಪೇಶಂಟಿಗೆ ಕಿಮೋ ಇಲ್ಲದೆ ಇಮ್ಯುನೋಥೆರಪಿ (ಆ ಬ್ರೇಕ್ ಬಿಡಿಸುವ ಔಷಧ) ಒಂದನ್ನೇ ಕೊಡುವ ದಾರಿಯೂ ಇದೆ. ಸೊನ್ನೆ ಅಂತ ಬರೆದಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. ಆ ರಾತ್ರಿ ಲೋಕಲ್‌ನಲ್ಲಿ ಇದೇ ಯೋಚನೆ.

ಈಗ ಥರ್ಮಾಮೀಟರ್ ಜಾರಿನೊಳಗೇ ಇರುತ್ತದೆ. ಟಾನ್ಸಿಲ್ ಸ್ಲೈಡುಗಳನ್ನೂ ಒಮ್ಮೆಗೇ ರಾಶಿ ಕತ್ತರಿಸಿಡುವುದಿಲ್ಲ. ಕತ್ತರಿಸಿಟ್ಟು ತಿಂಗಳುಗಟ್ಟಲೆ ಕಳೆದರೆ ಪಿಡಿ-ಎಲ್1 ಮಂಕಾಗುತ್ತದೆ. ನಮ್ಮ ಹಳೆಯ ಟಾನ್ಸಿಲ್ ಬ್ಲಾಕ್ ಮುಗಿಯುತ್ತಾ ಬಂದಿದೆ. ಹೊಸದು ಬಂದ ಕೂಡಲೇ ಎರಡನ್ನೂ ಒಂದೇ ದಿನ, ಒಂದೇ ಜಾರಿನಲ್ಲಿ ಸ್ಟೇನ್ ಮಾಡಿ ಪಕ್ಕಪಕ್ಕ ಇಟ್ಟು ನೋಡಬೇಕು.